ಕಡಿಯಾಳಿಯಿಂದ ಕಿಲಿಮಂಜಾರೊ: ಕ್ಯಾಮೆರಾ ಹೊತ್ತು ಹಿಮದ ಜ್ವಾಲಾಮುಖಿ ಏರುವವರಿಗೆ

ಉಡುಪಿಯವರಿಗೆ ಜ್ವಾಲಾಮುಖಿ ಹೊಸತೇನಲ್ಲ. ಮಲ್ಪೆಯಿಂದ ದೋಣಿ ಹತ್ತಿ ಸೈಂಟ್ ಮೇರೀಸ್ ದ್ವೀಪಕ್ಕೆ ಹೋದವರೆಲ್ಲ ಲಾವಾದ ಮೇಲೆಯೇ ಕೂತು ಫೋಟೊ ತೆಗೆಸಿಕೊಂಡವರು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮಿಂದ ಕಳಚಿಕೊಳ್ಳುತ್ತಿದ್ದ ಕಾಲಕ್ಕೆ ಉಕ್ಕಿದ ಲಾವಾ ಆರುತ್ತ ಬಿರಿದು ಆ ಕಂಬಗಳಾಯಿತು. ಆದರೆ ಹಿಮ ಹೊದ್ದ ಜ್ವಾಲಾಮುಖಿ ಬೇಕೆಂದರೆ ಭಾರತದಲ್ಲಿ ಸಿಗುವುದಿಲ್ಲ. ಹಿಮಾಲಯದಲ್ಲಿ ಹಿಮ ಉಂಟು, ಅದು ಜ್ವಾಲಾಮುಖಿಯಲ್ಲ. ಅಂಡಮಾನಿನ ಬ್ಯಾರನ್ ದ್ವೀಪ ಹೊಗೆಯಾಡುವ ಜ್ವಾಲಾಮುಖಿಯೇ ಹೌದು, ಅಲ್ಲಿ ಹಿಮವಿಲ್ಲ; ಸಾಮಾನ್ಯ ಪ್ರವಾಸಿಗರು ಅದನ್ನು ಹಡಗಿನಿಂದ ನೋಡಿ ತೃಪ್ತಿಪಡಬೇಕು. ಹಾಗಾಗಿ ಪಾಸ್‌ಪೋರ್ಟ್ ತೆಗೆಯಲೇಬೇಕು.

ನಮ್ಮ ರಾಜ್ಯದಿಂದ ಹೊರಟು ಈ ಹುಚ್ಚನ್ನು ಕೊನೆಮುಟ್ಟಿಸಿದವರಿದ್ದಾರೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಸತ್ಯರೂಪ್ ಸಿದ್ಧಾಂತ ಏಳೂ ಖಂಡಗಳ ಅತಿ ಎತ್ತರದ ಶಿಖರಗಳನ್ನು ಏರಿದ್ದು ಸಾಲದೆ, ಏಳೂ ಖಂಡಗಳ ಅತಿ ಎತ್ತರದ ಜ್ವಾಲಾಮುಖಿಗಳನ್ನೂ ಏರಿದರು. 2019ರ ಜನವರಿಯಲ್ಲಿ ಅಂಟಾರ್ಕ್ಟಿಕಾದ ಮೌಂಟ್ ಸಿಡ್ಲೆಯ ಮೇಲೆ ಆ ಲೆಕ್ಕ ಚುಕ್ತಾ ಆಯಿತು. ಕೋಲ್ಕತ್ತ ಮೂಲದ ಇವರು ಚಿಕ್ಕಂದಿನಲ್ಲಿ ಆಸ್ತಮಾದಿಂದ ಬಳಲಿದವರು. ಆ ಏಳರಲ್ಲಿ ಹಗ್ಗ, ಹಿಮಗೊಡಲಿಯ ವಿದ್ಯೆ ಗೊತ್ತಿಲ್ಲದ ಸಾಮಾನ್ಯರೂ ಏರಬಹುದಾದವುಗಳಲ್ಲಿ ಒಂದು ತಾಂಜಾನಿಯಾದ ಕಿಲಿಮಂಜಾರೊ, 5,895 ಮೀಟರ್. ರಷ್ಯಾದ ಎಲ್‌ಬ್ರಸ್ (5,642 ಮೀಟರ್) ನೋಡಲು ಇನ್ನೂ ಬೆಳ್ಳಗೆ ಕಾಣುತ್ತದೆ, ಆದರೆ ಅಲ್ಲಿ ಬೂಟಿಗೆ ಮುಳ್ಳುಪಟ್ಟಿ ಕಟ್ಟಿ ಮಂಜುಗಡ್ಡೆಯ ಮೇಲೆ ನಡೆಯಲು ಕಲಿತಿರಬೇಕು. ಗಾಳಿ ತಿರುಗಿದರೆ ದಾರಿ ಕಾಣದು. ಜಪಾನಿನ ಫ್ಯೂಜಿಯನ್ನು ಜನ ಹತ್ತುವುದು ಜುಲೈಯಿಂದ ಸೆಪ್ಟೆಂಬರ್ ಮೊದಲ ಭಾಗದವರೆಗೆ. ಆಗ ಅದರ ತಲೆಯ ಮೇಲೆ ಹಿಮವಿರುವುದಿಲ್ಲ, ಹಿಮವಿರುವಾಗ ಹತ್ತಲು ಬಿಡುವುದಿಲ್ಲ. ಫ್ಯೂಜಿ ದೂರದಿಂದ ಕ್ಯಾಮೆರಾಕ್ಕೆ ಒಳ್ಳೆಯದು, ಹತ್ತುವವರಿಗೆ ಅಷ್ಟೇನಲ್ಲ.

ಈ ಲೇಖನ ಕಿಲಿಮಂಜಾರೊಗೆ ಮೀಸಲು. ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕರಾವಳಿಯವರು ದುಡ್ಡು ಸುರಿಯಬೇಕಾದದ್ದು ದಿನಗಳಿಗೆ, ಲೆನ್ಸ್‌ಗಳಿಗಲ್ಲ. ಬೆಟ್ಟದ ಒಳ್ಳೆಯ ಚಿತ್ರ ಸಿಗುವುದು ಶಿಖರದಲ್ಲಲ್ಲ, ದಾರಿಯಲ್ಲಿ.

ಯಾವ ಬೆಟ್ಟ, ಯಾವ ಕಾಲ

ಕಿಲಿಮಂಜಾರೊ ಒಂದು ಬೆಟ್ಟವಲ್ಲ, ಮೂರು ಜ್ವಾಲಾಮುಖಿಗಳ ಗುಂಪು. ಪಡುವಣದ ಶಿರಾ ಕುಸಿದು ಹರವಾದ ಬಯಲಾಗಿದೆ. ಮೂಡಣದ ಮವೆಂಜಿ (5,149 ಮೀಟರ್) ಮೊನಚಾಗಿ ಮುರಿದು ನಿಂತಿದೆ. ಅದನ್ನು ಏರಲು ಬಂಡೆ ಹತ್ತುವವರೇ ಆಗಬೇಕು. ನಡುವಿನ ಕೀಬೊ ನಾವು ಏರುವಂಥದ್ದು. ಅದು ಸತ್ತಿಲ್ಲ, ಮಲಗಿದೆ ಅಷ್ಟೆ. ನೆತ್ತಿಯ ರಾಯಿಶ್ ಕುಳಿಯ ಬಳಿ ಈಗಲೂ ಗಂಧಕದ ಆವಿ ಏಳುತ್ತದೆ. ಕೀಬೊದ ಅಂಚಿನಲ್ಲಿ ಅತಿ ಎತ್ತರದ ಜಾಗವೇ ಉಹುರು ಶಿಖರ.

1848ರ ಮೇ ತಿಂಗಳಲ್ಲಿ ಯೊಹಾನೆಸ್ ರೆಬ್‌ಮನ್ ಎಂಬ ಜರ್ಮನ್ ಪಾದ್ರಿ ಈ ಬೆಟ್ಟದ ಮೇಲೆ ಹಿಮ ಕಂಡೆ ಎಂದು ಬರೆದಾಗ ಲಂಡನ್ನಿನ ಪಂಡಿತರು ನಂಬಲಿಲ್ಲ. ಭೂಮಧ್ಯರೇಖೆಯ ಬುಡದಲ್ಲಿ ಹಿಮ ಎಲ್ಲಿಂದ ಬರಬೇಕು ಎಂಬುದು ಅವರ ವಾದ. ಈ ರೆಬ್‌ಮನ್ ಓದಿದ್ದು ಬಾಸೆಲ್ ಮಿಷನ್ನಿನ ಶಾಲೆಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದಿಳಿದು ನಮಗೆ ಹಂಚು, ಅಚ್ಚುಕೂಟ, ಮೊದಲ ಕನ್ನಡ ಪತ್ರಿಕೆ ಕೊಟ್ಟ ಅದೇ ಬಾಸೆಲ್ ಮಿಷನ್. ಶಿಖರದ ದಾರಿಯಲ್ಲಿ ಎಡಕ್ಕೆ ಕಾಣುವ ಹಿಮನದಿಗೆ ಇವತ್ತು ಅವರದೇ ಹೆಸರು. 1889ರಲ್ಲಿ ಹಾನ್ಸ್ ಮೇಯರ್ ಮತ್ತು ಲುಡ್ವಿಗ್ ಪುರ್ಟ್‌ಶೆಲ್ಲರ್ ಶಿಖರ ಮುಟ್ಟಿದರು.

ಹಿಮ ನೋಡಬೇಕೆಂಬ ಆಸೆಯಿದ್ದರೆ ತಡಮಾಡಬೇಡಿ. 1912ರಲ್ಲಿ ಇದ್ದ ಮಂಜುಗಡ್ಡೆಯ ಹರವಿನಲ್ಲಿ ನೂರಕ್ಕೆ 85 ಪಾಲು 2007ರ ಹೊತ್ತಿಗೆ ಕರಗಿ ಹೋಗಿತ್ತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಉಳಿದದ್ದು ತುಂಡು ತುಂಡಾಗಿದೆ. ಚಿತ್ರಗಳಲ್ಲಿ ಕಾಣುವ ಪೂರ್ತಿ ಬಿಳಿ ನೆತ್ತಿ ಹೆಚ್ಚಿನಂಶ ಹೊಸದಾಗಿ ಬಿದ್ದ ಹಿಮ; ಕೆಲವೇ ದಿನ ನಿಲ್ಲುತ್ತದೆ.

ಅಲ್ಲಿ ಎರಡು ಮಳೆಗಾಲ. ಮಾರ್ಚ್ ಕೊನೆಯಿಂದ ಮೇವರೆಗೆ ದೊಡ್ಡದು, ನವೆಂಬರ್ ಆಸುಪಾಸಿನಲ್ಲಿ ಚಿಕ್ಕದು. ಏರಲು ಒಳ್ಳೆಯ ಕಾಲ ಜನವರಿಯಿಂದ ಮಾರ್ಚ್ ಮಧ್ಯದವರೆಗೆ, ಮತ್ತೆ ಜೂನ್‌ನಿಂದ ಅಕ್ಟೋಬರ್‌ವರೆಗೆ. ನಮಗೆ ಇದರಲ್ಲೊಂದು ಅನುಕೂಲವಿದೆ: ಇಲ್ಲಿ ಜಡಿಮಳೆ ಹೊಯ್ಯುವ ಜುಲೈ, ಆಗಸ್ಟ್‌ನಲ್ಲಿ ಅಲ್ಲಿ ಒಣ ಹವೆ. ಆದರೆ ಕ್ಯಾಮೆರಾದವರು ಆಯ್ಕೆ ಮಾಡಬೇಕಾದದ್ದು ಮಳೆ ನಿಂತ ಕೂಡಲೇ ಬರುವ ದಿನಗಳನ್ನು, ಅಂದರೆ ಜನವರಿ-ಫೆಬ್ರವರಿ ಅಥವಾ ಜೂನ್. ಆಗ ನೆತ್ತಿಯ ಮೇಲೆ ಹೊಸ ಹಿಮ ಕಾಣಸಿಗುವ ಸಾಧ್ಯತೆ ಹೆಚ್ಚು, ಗಾಳಿಯಲ್ಲಿ ಧೂಳು ಕಡಿಮೆ. ಆಗಸ್ಟ್-ಸೆಪ್ಟೆಂಬರ್‌ನಲ್ಲಿ ಜನಸಂದಣಿಯೂ ಜಾಸ್ತಿ. ನನ್ನ ಓಟು ಜನವರಿ ಕೊನೆಯ ವಾರಕ್ಕೆ. ಪರ್ಯಾಯದ ವರ್ಷವಾದರೂ 18ನೇ ತಾರೀಖಿನ ಮೆರವಣಿಗೆ ಮುಗಿಸಿಕೊಂಡೇ ಹೊರಡಬಹುದು. ಹುಣ್ಣಿಮೆ ನೋಡಿಕೊಂಡು ದಿನ ಗೊತ್ತು ಮಾಡಿದರೆ ಶಿಖರದ ರಾತ್ರಿ ತಲೆದೀಪ ಇಲ್ಲದೆಯೂ ದಾರಿ ಕಾಣುತ್ತದೆ. ನಕ್ಷತ್ರಗಳ ಚಿತ್ರ ಬೇಕೆನ್ನುವವರು ಅಮಾವಾಸ್ಯೆ ನೋಡಬೇಕು. ಎರಡೂ ಒಟ್ಟಿಗೆ ಸಿಗುವುದಿಲ್ಲ.

ನಮ್ಮ ಅತಿ ಎತ್ತರ, ಅವರ ಬಾಗಿಲು

ಕರ್ನಾಟಕದ ಅತಿ ಎತ್ತರದ ಬೆಟ್ಟ ಮುಳ್ಳಯ್ಯನಗಿರಿ, ಸುಮಾರು 1,930 ಮೀಟರ್. ಕಿಲಿಮಂಜಾರೊದ ಮಚಾಮೆ ಬಾಗಿಲು, ಅಂದರೆ ಹೆಸರು ಬರೆಸಿ ನಡಿಗೆ ಶುರು ಮಾಡುವ ಜಾಗ, ಸುಮಾರು 1,800 ಮೀಟರ್‌ನಲ್ಲಿದೆ. ನಮ್ಮದು ಮುಗಿಯುವಲ್ಲಿ ಅದು ಆರಂಭ. ಎತ್ತರಕ್ಕೆ ಮೈ ಒಗ್ಗಿಸುವ ತಾಲೀಮು ಇಡೀ ರಾಜ್ಯದಲ್ಲಿ ಎಲ್ಲೂ ಸಾಧ್ಯವಿಲ್ಲ ಎಂಬುದನ್ನು ಒಪ್ಪಿಕೊಂಡೇ ಸಿದ್ಧತೆ ಶುರು ಮಾಡಬೇಕು.

ಕಾಲಿನ ತಾಲೀಮು ಮಾತ್ರ ಮನೆ ಬಾಗಿಲಲ್ಲೇ ಇದೆ. ಕಡಿಯಾಳಿಯ ಮಹಿಷಮರ್ದಿನಿ ದೇವಸ್ಥಾನದಿಂದ ಹೊರಟು ಕುಂಜಿಬೆಟ್ಟು, ಇಂದ್ರಾಳಿ ದಾಟಿ ಮಣಿಪಾಲಕ್ಕೆ ಏರುವ ರಸ್ತೆ ಸಾಕಷ್ಟು ಒಳ್ಳೆಯ ಪಾಠ. ಬೆಳಿಗ್ಗೆ ಐದೂವರೆಗೆ, ಬಸ್ಸುಗಳ ಹಾರನ್ ಶುರುವಾಗುವ ಮೊದಲು, ಬೆನ್ನಿಗೆ ಆರೇಳು ಕಿಲೊ ಚೀಲ ಹಾಕಿಕೊಂಡು ಟೈಗರ್ ಸರ್ಕಲ್‌ವರೆಗೆ ಹೋಗಿ ಬನ್ನಿ. ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಐದು. ಮೆಟ್ಟಿಲಿಗೆ ಶಂಕರಪುರ ಹತ್ತಿರದ ಕುಂಜಾರುಗಿರಿ ಇದೆ, ಕಾರ್ಕಳದ ಗೊಮ್ಮಟ ಬೆಟ್ಟ ಇದೆ. ಏರುವುದಕ್ಕಿಂತ ಇಳಿಯುವುದನ್ನು ಅಭ್ಯಾಸ ಮಾಡಿ. ಶಿಖರ ಮುಟ್ಟಿದ ದಿನವೇ 5,895 ಮೀಟರ್‌ನಿಂದ ಸುಮಾರು 3,100 ಮೀಟರ್‌ನ ಮ್ವೆಕಾ ಬಿಡಾರಕ್ಕೆ ಇಳಿಯಬೇಕು. ಕಾಲಬೆರಳ ಉಗುರು ಕಪ್ಪಾಗುವುದು, ಮಂಡಿ ಹಿಡಿದುಕೊಳ್ಳುವುದು ಎಲ್ಲ ಆ ಇಳಿಜಾರಿನಲ್ಲೇ.

ತಿಂಗಳಿಗೊಮ್ಮೆ ಘಟ್ಟ ಹತ್ತಿ. ಕೊಡಚಾದ್ರಿಗೆ ಜೀಪಿನಲ್ಲಿ ಹೋದರೆ ಪುಣ್ಯ ಬರಬಹುದು, ತಾಲೀಮು ಬರುವುದಿಲ್ಲ. ಹಿಡ್ಲುಮನೆ ಜಲಪಾತದ ಬದಿಯಿಂದ ನಡೆದೇ ಏರಬೇಕು. ಬೆಳ್ತಂಗಡಿಯ ಗಡಾಯಿಕಲ್ಲಿನ ಕಡಿದಾದ ಮೆಟ್ಟಿಲುಗಳು ತೊಡೆಯ ಬಲವನ್ನು ಪರೀಕ್ಷಿಸುತ್ತವೆ. ಮುಳ್ಳೋಡಿ ಕಡೆಯಿಂದ ಕುದುರೆಮುಖ ಶಿಖರಕ್ಕೆ ಹೋಗಿ ಬರುವುದು ಒಂದು ಪೂರ್ತಿ ದಿನದ ಕೆಲಸ. ಅದಕ್ಕೆ ಅರಣ್ಯ ಇಲಾಖೆಯಲ್ಲಿ ಮುಂಚಿತವಾಗಿ ಕಾಯ್ದಿರಿಸಬೇಕು. ಬೇಸಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಜಾರುವ ಭಯಕ್ಕೆ ಈ ದಾರಿಗಳನ್ನು ಮುಚ್ಚುವುದುಂಟು. ಕುದುರೆಮುಖವನ್ನು ಬೆಳಿಗ್ಗೆ ಹತ್ತಿ ಸಂಜೆ ಇಳಿದು, ಮರುದಿನ ಎಂದಿನಂತೆ ಕೆಲಸಕ್ಕೆ ಹೋಗುವಷ್ಟು ಕಾಲು ಗಟ್ಟಿಯಾಯಿತೆಂದರೆ ಕಿಲಿಮಂಜಾರೊಗೆ ಕಾಲು ಸಾಕು.

ಸಾಲದೆ ಬರುವುದು ಗಾಳಿ. ಶಿಖರದಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಕಡಲತೀರದಲ್ಲಿ ಸಿಗುವುದರ ಅರ್ಧದಷ್ಟು. ಇದಕ್ಕೂ ಗಟ್ಟಿ ಮೈಗೂ ಸಂಬಂಧವಿಲ್ಲ. ಚೆನ್ನಾಗಿ ಓಡುವ ಹುಡುಗರೇ ಎಷ್ಟೋ ಸಲ ಮೊದಲು ತಲೆ ಹಿಡಿದುಕೊಂಡು ಕೂರುತ್ತಾರೆ, ಏಕೆಂದರೆ ಅವರು ಬೇಗ ಬೇಗ ನಡೆದುಬಿಡುತ್ತಾರೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರ್‌ಗಿಂತ ಹೆಚ್ಚದಿರಲಿ, ಮೂರು-ನಾಲ್ಕು ದಿನಕ್ಕೊಮ್ಮೆ ಒಂದು ದಿನ ಬಿಡುವಿರಲಿ ಎಂಬುದು ಪರ್ವತ ವೈದ್ಯರ ಸೂತ್ರ. ಕಿಲಿಮಂಜಾರೊದ ಯಾವ ದಾರಿಯೂ ಇದನ್ನು ಪೂರ್ತಿ ಪಾಲಿಸುವುದಿಲ್ಲ. ಹತ್ತಿರ ಹತ್ತಿರ ಬರುವುದು ದಿನ ಹೆಚ್ಚಿರುವ ದಾರಿಗಳು ಮಾತ್ರ.

ಐದು ದಿನದ ಮರಂಗು ದಾರಿ ಅಗ್ಗ, ಮಲಗಲು ಮರದ ಗುಡಿಸಲು ಬೇರೆ. ಕಡಲಮಟ್ಟದಿಂದ ಹೋಗುವ ನಮಗೆ ಅದು ಬೇಡವೇ ಬೇಡ. ಮಚಾಮೆ ಏಳು ದಿನ, ಅಥವಾ ಲೆಮೋಶೊ ಎಂಟು ದಿನ, ಇವೆರಡರಲ್ಲಿ ಒಂದನ್ನು ಹಿಡಿಯಿರಿ. ಮಚಾಮೆಯನ್ನು ಆರು ದಿನಕ್ಕೆ ಮುಗಿಸುವ ಪ್ಯಾಕೇಜುಗಳೂ ಇವೆ. ಉಳಿಯುವ ಆ ಒಂದು ದಿನ ಕರಂಗಾ ಬಿಡಾರದ್ದು. ಅದನ್ನು ಬಿಟ್ಟರೆ ಮೈಗೂ ನಷ್ಟ, ಚಿತ್ರಕ್ಕೂ ನಷ್ಟ. ಈ ದಾರಿಗಳ ಗುಟ್ಟು ನಡುವಿನ ಒಂದು ದಿನದಲ್ಲಿದೆ: ಬೆಳಿಗ್ಗೆ ಸುಮಾರು 4,600 ಮೀಟರ್‌ನ ಲಾವಾ ಟವರ್‌ಗೆ ಏರಿಸಿ, ಊಟ ಮಾಡಿಸಿ, ಸಂಜೆಗೆ 3,960 ಮೀಟರ್‌ನ ಬರಾಂಕೊಗೆ ಇಳಿಸಿ ಮಲಗಿಸುತ್ತಾರೆ. ಮೇಲೆ ಹೋಗಿ ಕೆಳಗೆ ಮಲಗುವುದರಿಂದ ರಕ್ತ ಎತ್ತರಕ್ಕೆ ಹೊಂದಿಕೊಳ್ಳಲು ಶುರು ಮಾಡುತ್ತದೆ.

ರಜೆ, ದುಡ್ಡು ಎರಡೂ ಇದ್ದರೆ ಪಕ್ಕದ ಮೌಂಟ್ ಮೇರುವನ್ನು (4,562 ಮೀಟರ್) ಮೊದಲು ಹತ್ತಿ. ಅದೂ ಜ್ವಾಲಾಮುಖಿಯೇ. ಅರೂಶಾ ರಾಷ್ಟ್ರೀಯ ಉದ್ಯಾನದೊಳಗೆ ಕಾಡೆಮ್ಮೆ, ಜಿರಾಫೆಗಳ ನಡುವೆ ಬಂದೂಕು ಹಿಡಿದ ಕಾವಲುಗಾರನ ಜೊತೆ ಮೂರ್ನಾಲ್ಕು ದಿನದ ನಡಿಗೆ. ಮೈ ಎತ್ತರಕ್ಕೆ ಒಗ್ಗುತ್ತದೆ, ಜೊತೆಗೆ ಮೇರುವಿನ ಅಂಚಿನಿಂದ ನಸುಕಿನಲ್ಲಿ ಮೋಡದ ಮೇಲೆ ತೇಲುವಂತೆ ಕಾಣುವ ಕಿಲಿಮಂಜಾರೊ ಸಿಗುತ್ತದೆ. ಇದಕ್ಕಿಂತ ಒಳ್ಳೆಯ ಚಿತ್ರ ಆ ಬೆಟ್ಟವನ್ನೇ ಹತ್ತಿದವರಿಗೂ ಸಿಗುವುದಿಲ್ಲ.

ಡಾಕ್ಟರ ಹತ್ತಿರ ಏನು ಕೇಳಬೇಕು

ಹೊರಡುವ ಎರಡು ತಿಂಗಳ ಮೊದಲೇ ಮಣಿಪಾಲದಲ್ಲೋ ನಿಮ್ಮ ಮನೆ ಡಾಕ್ಟರ ಹತ್ತಿರವೋ ತೋರಿಸಿಕೊಳ್ಳಿ. ಹೃದಯ, ಬಿಪಿ, ಶುಗರ್, ರಕ್ತಹೀನತೆ ಇವನ್ನು ನೋಡಿಸಬೇಕು. ಅಸೆಟಜೋಲಮೈಡ್ (ಡಯಾಮಾಕ್ಸ್) ಮಾತ್ರೆಯ ಬಗ್ಗೆ ಕೇಳಿ. ತಡೆಗಾಗಿ ಸಾಮಾನ್ಯವಾಗಿ ದೊಡ್ಡವರಿಗೆ 125 ಮಿಲಿಗ್ರಾಂ ಬೆಳಿಗ್ಗೆ, ರಾತ್ರಿ ಎಂದು ಬರೆದುಕೊಡುತ್ತಾರೆ. ಸಲ್ಫಾ ಔಷಧಿ ಆಗಿಬರದವರು ಅದನ್ನು ಮೊದಲೇ ಹೇಳಬೇಕು. ಬೆರಳತುದಿ ಜುಮುಗುಡುವುದು, ಪದೇಪದೇ ಮೂತ್ರಕ್ಕೆ ಹೋಗಬೇಕಾಗುವುದು ಈ ಮಾತ್ರೆಯ ಗುಣ, ಗಾಬರಿಯಾಗಬೇಡಿ. ಊರಲ್ಲಿರುವಾಗಲೇ ಒಂದೆರಡು ದಿನ ನುಂಗಿ ನೋಡುವುದು ಒಳ್ಳೆಯದು, ಡಾಕ್ಟರು ಒಪ್ಪಿದರೆ. ಬೆಟ್ಟದ ಬುಡದ ಮೋಶಿ ಪಟ್ಟಣದಲ್ಲಿ ಮಲೇರಿಯಾ ಇದೆ, ಅದರ ಮಾತ್ರೆಯನ್ನೂ ಕೇಳಿ.

ಸಣ್ಣ ತಲೆನೋವು, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಅಲ್ಲಿ ಬಹುಮಂದಿಗೆ ಬರುವಂಥದ್ದು. ಕೂತಲ್ಲೇ ಏದುಸಿರು, ಗೊರಗೊರ ಕೆಮ್ಮು ಬಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಹಿಮ್ಮಡಿಗೆ ಕಾಲಬೆರಳ ತುದಿ ತಾಗಿಸಿ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಲಾಗದೆ ವಾಲಿದರೆ ಮಿದುಳು ಊದಿಕೊಳ್ಳುತ್ತಿರಬಹುದು. ಈ ಎರಡಕ್ಕೂ ಔಷಧಿ ಒಂದೇ: ಆ ಕ್ಷಣವೇ ಕೆಳಗಿಳಿಯುವುದು, ರಾತ್ರಿಯಾಗಿದ್ದರೂ. ಗೈಡ್ ಇಳಿಯಿರಿ ಎಂದಾಗ ಚರ್ಚೆಗೆ ನಿಲ್ಲಬೇಡಿ.

ಊಟದ ಮಾತು ಸ್ವಲ್ಪ. ಸಸ್ಯಾಹಾರಿಗಳೆಂದು ಮೊದಲೇ ತಿಳಿಸಿದರೆ ಅಡುಗೆಯವರು ಸೂಪು, ಅನ್ನ, ತರಕಾರಿ, ಹಣ್ಣು ಕೊಡುತ್ತಾರೆ. ನಾಲ್ಕು ಸಾವಿರ ಮೀಟರ್ ಮೇಲೆ ಅದ್ಯಾವುದೂ ಗಂಟಲಿಗಿಳಿಯುವುದಿಲ್ಲ. ಆಗ ಮನೆಯ ಉಪ್ಪಿನಕಾಯಿ, ಚಟ್ನಿಪುಡಿ ಕೆಲಸಕ್ಕೆ ಬರುತ್ತವೆ. ಒಂದು ಸಣ್ಣ ಡಬ್ಬಿ ಸಾಕು.

ಕ್ಯಾಮೆರಾ ಚೀಲದಿಂದ ಏನೇನು ತೆಗೆದಿಡಬೇಕು

ಹೆಚ್ಚಿನವರು ಏನು ತುಂಬಬೇಕು ಎಂದು ಕೇಳುತ್ತಾರೆ. ನಾನು ಮೊದಲು ತೆಗೆಸುವುದು 70-200 ಲೆನ್ಸನ್ನು. ಆಮೇಲೆ ದೊಡ್ಡ ಟ್ರೈಪಾಡ್. ಆಮೇಲೆ ಡ್ರೋನ್, ತಾಂಜಾನಿಯಾದ ರಾಷ್ಟ್ರೀಯ ಉದ್ಯಾನಗಳಲ್ಲಿ ಪರವಾನಗಿ ಇಲ್ಲದೆ ಅದನ್ನು ಹಾರಿಸುವಂತಿಲ್ಲ, ಕಿತ್ತುಕೊಂಡರೆ ಮಾತಾಡುವಂತಿಲ್ಲ. ಉಳಿಯಬೇಕಾದದ್ದು ಒಂದು ಕ್ಯಾಮೆರಾ, 24-105ರಂಥ ಒಂದೇ ಲೆನ್ಸ್. ನಕ್ಷತ್ರಗಳ ಆಸೆಯಿದ್ದರೆ ಒಂದು ಹಗುರ ವೈಡ್ ಲೆನ್ಸ್, ಅಂಗೈಯಗಲದ ಟ್ರೈಪಾಡ್. ಒಂದೇ ಲೆನ್ಸ್ ಎನ್ನುವುದಕ್ಕೆ ತೂಕವಷ್ಟೇ ಕಾರಣವಲ್ಲ. ಅಲ್ಲಿನ ನೆಲ ಜ್ವಾಲಾಮುಖಿಯ ಬೂದಿ. ಮುಂದಿನವನ ಬೂಟಿನಿಂದ ಎದ್ದ ಹಿಟ್ಟಿನಂಥ ಧೂಳು, ಲೆನ್ಸ್ ಬದಲಿಸಲು ಬಾಯಿ ತೆರೆದ ಕ್ಯಾಮೆರಾದೊಳಗೆ ಹೋಗಿ ಸೆನ್ಸರ್ ಮೇಲೆ ಕೂತರೆ, ಆಮೇಲಿನ ಪ್ರತಿ ಆಕಾಶದಲ್ಲೂ ಚುಕ್ಕೆ. ಫೋನೇ ಸಾಕು ಎನ್ನುವವರಿಗೂ ನನ್ನ ತಕರಾರಿಲ್ಲ. ಕ್ಯಾಮೆರಾವನ್ನು ಮಾತ್ರ ಚೀಲದ ಪಟ್ಟಿಗೆ ಕ್ಲಿಪ್ ಹಾಕಿ ಎದೆಯ ಮೇಲೆ ಇಟ್ಟುಕೊಳ್ಳಿ. ಬೆನ್ನಚೀಲದ ಒಳಗೆ ಸೇರಿದ ಕ್ಯಾಮೆರಾವನ್ನು 4,500 ಮೀಟರ್ ಮೇಲೆ ಯಾರೂ ಹೊರತೆಗೆಯುವುದಿಲ್ಲ. ಚೀಲ ಇಳಿಸಿ ಮತ್ತೆ ಹೊರುವಷ್ಟು ಉಸಿರಿರುವುದಿಲ್ಲ.

ದಾರಿಯಲ್ಲಿ ಎಲ್ಲೂ ಚಾರ್ಜ್ ಮಾಡಲು ಸಿಗುವುದಿಲ್ಲ ಎಂದುಕೊಂಡೇ ಹೋಗಿ. ನಾಲ್ಕೈದು ಬ್ಯಾಟರಿ, ಒಂದು ಪವರ್ ಬ್ಯಾಂಕ್. ವಿಮಾನದಲ್ಲಿ ಇವೆಲ್ಲ ಕೈಚೀಲದಲ್ಲೇ ಇರಬೇಕು. ಪವರ್ ಬ್ಯಾಂಕ್ 100 ವ್ಯಾಟ್-ಅವರ್ ಮೀರಬಾರದು. ಚಳಿಯಲ್ಲಿ ಬ್ಯಾಟರಿ ಬೇಗ ಸಾಯುತ್ತದೆ. ಹಗಲು ಒಳಜೇಬಿನಲ್ಲಿ, ರಾತ್ರಿ ಸ್ಲೀಪಿಂಗ್ ಬ್ಯಾಗಿನೊಳಗೆ, ಮೈಗೆ ತಾಗಿಕೊಂಡೇ ಇರಲಿ. ಮುಗಿಯಿತೆಂದು ತೆಗೆದಿಟ್ಟ ಬ್ಯಾಟರಿಯನ್ನೂ ಬಿಸಿ ಮಾಡಿ ಮತ್ತೆ ಹಾಕಿ ನೋಡಿ, ಇನ್ನೊಂದಿಷ್ಟು ಚಿತ್ರ ಕೊಡುತ್ತದೆ. ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಿ. ಸಿಗ್ನಲ್ ಹುಡುಕಿ ಹುಡುಕಿಯೇ ಅದು ಸುಸ್ತಾಗುತ್ತದೆ.

ಎಸಿ ಕಾರಿನಿಂದ ಇಳಿದು ಮಲ್ಪೆ ಬೀಚಿನಲ್ಲಿ ಕ್ಯಾಮೆರಾ ತೆಗೆದ ಕೂಡಲೇ ಲೆನ್ಸ್ ಮಬ್ಬಾಗುವುದನ್ನು ಎಲ್ಲರೂ ಕಂಡಿದ್ದೇವೆ. ತಣ್ಣಗಿನ ಗಾಜಿಗೆ ಸೆಕೆಯ ಗಾಳಿ ತಗುಲಿದರೆ ಅದು ಬೆವರುತ್ತದೆ. ಬೆಟ್ಟದಲ್ಲೂ ಇದೇ ನಡೆಯುವುದು, ಡೇರೆಯೊಳಗೆ. ಉಸಿರಿನ ಹಬೆ ತುಂಬಿದ ಡೇರೆಗೆ ತಣ್ಣಗಾದ ಕ್ಯಾಮೆರಾ ತಂದರೆ ಅದರ ಹೊರಗೂ ಒಳಗೂ ನೀರು ಕೂರುತ್ತದೆ, ರಾತ್ರಿ ಅದೇ ಹೆಪ್ಪುಗಟ್ಟುತ್ತದೆ. ಹೊರಗಿರುವಾಗಲೇ ಜಿಪ್ ಚೀಲಕ್ಕೆ ಹಾಕಿ, ಗಾಳಿ ಹಿಂಡಿ ಮುಚ್ಚಿ, ಆಮೇಲೆ ಒಳಗೆ ತನ್ನಿ. ನೀರು ಚೀಲದ ಮೇಲೆ ಕೂರಲಿ. ತಾಂಜಾನಿಯಾದಲ್ಲಿ 2019ರ ಜೂನ್‌ನಿಂದ ಪ್ಲಾಸ್ಟಿಕ್ ಕೈಚೀಲಗಳಿಗೆ ನಿಷೇಧವಿದೆ. ಹಾಗಾಗಿ ಮತ್ತೆ ಮತ್ತೆ ಬಳಸುವ ದಪ್ಪನೆಯ ಜಿಪ್ ಚೀಲ ಒಂದೆರಡೇ ಇರಲಿ, ಅಂಗಡಿಯ ತೆಳು ಚೀಲಗಳನ್ನು ಒಯ್ಯಲೇಬೇಡಿ. ಬಿಸಾಡುವ ನೀರಿನ ಬಾಟಲಿಗೂ ಬೆಟ್ಟದ ಮೇಲೆ ಅವಕಾಶವಿಲ್ಲ.

ಹಿಮದ ಚಿತ್ರದ ದೊಡ್ಡ ತೊಡಕು ಬಿಳುಪು. ಕ್ಯಾಮೆರಾದ ಮೀಟರ್ ಎದುರಿಗಿರುವುದನ್ನೆಲ್ಲ ಬೂದು ಬಣ್ಣವೆಂದೇ ಎಣಿಸುತ್ತದೆ. ಚೌಕಟ್ಟು ತುಂಬ ಹಿಮವಿದ್ದರೆ ಬೆಳಕು ಹೆಚ್ಚಾಯಿತೆಂದು ಕಡಿಮೆ ಮಾಡಿ, ಹಿಮವನ್ನು ಕೊಳಕು ಬಟ್ಟೆಯಂತೆ ತೋರಿಸುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಪ್ಲಸ್ ಒಂದರಿಂದ ಒಂದೂವರೆ ಸ್ಟಾಪ್ ಇಡಿ, ಹಿಸ್ಟೋಗ್ರಾಂ ನೋಡಿ. ಬಲಗಡೆಯ ಗೋಡೆಗೆ ಒರಗಬಾರದು, ಅದರ ಹತ್ತಿರ ಬಂದರೆ ಸರಿ. ಇದನ್ನು ಕಲಿಯಲು ಹಿಮ ಬೇಕಿಲ್ಲ. ಕಾಪು ಬೀಚಿಗೆ ಹೋಗಿ, ಹತ್ತು ಗಂಟೆಯ ಬಿಸಿಲಿಗೆ ದೀಪಸ್ತಂಭದ ಕೆಳಗಿನ ಬಂಡೆಗೆ ಅಲೆ ಬಡಿದು ನೊರೆ ಹರಡುವಾಗ ಒಂದೇ ನೋಟವನ್ನು ಸೊನ್ನೆ, ಪ್ಲಸ್ ಒಂದು, ಪ್ಲಸ್ ಎರಡರಲ್ಲಿ ತೆಗೆಯಿರಿ. ಮೊದಲನೆಯದರಲ್ಲಿ ನೊರೆ ಬೂದಿ, ಕೊನೆಯದರಲ್ಲಿ ನೊರೆಯ ಗುಳ್ಳೆಗಳೇ ಮಾಯ, ನಡುವಿನದು ಸರಿ. ಕಪ್ಪು ಬಂಡೆ, ಬಿಳಿ ನೊರೆ ಎರಡೂ ಒಂದೇ ಚಿತ್ರದಲ್ಲಿ ಉಳಿಯುವ ಹದ ಸಿಕ್ಕಿತೆಂದರೆ ಲಾವಾ ಮತ್ತು ಹಿಮಕ್ಕೂ ಅದೇ ಹದ. ಸೈಂಟ್ ಮೇರೀಸ್‌ನ ಕಪ್ಪು ಕಂಬಗಳು, ಬಿಳಿ ಚಿಪ್ಪಿನ ದಂಡೆಯೂ ಇದಕ್ಕೆ ಆಗುತ್ತದೆ. ರಾ ಫೈಲಿನಲ್ಲೇ ತೆಗೆಯಿರಿ. ಪೋಲರೈಸರ್ ಬೇಡ, ಆ ಎತ್ತರದಲ್ಲಿ ಆಕಾಶ ತಾನಾಗಿಯೇ ಕಡುನೀಲಿ, ಅದು ಹಾಕಿದರೆ ಕಪ್ಪಾಗುತ್ತದೆ.

ಇನ್ನೊಂದು ಅಭ್ಯಾಸ, ಕೇಳಿದರೆ ನಗುತ್ತೀರಿ. ಎರಡೂ ಕೈಗೆ ದಪ್ಪ ಕಾಲುಚೀಲ ತೊಟ್ಟು, ಕಣ್ಣುಮುಚ್ಚಿ, ಕ್ಯಾಮೆರಾದ ಗುಂಡಿಗಳನ್ನು ಒತ್ತಲು ಕಲಿಯಿರಿ. ಮೈನಸ್ ಹತ್ತರಿಂದ ಇಪ್ಪತ್ತು ಡಿಗ್ರಿಯಲ್ಲಿ ಗವಸು ಬಿಚ್ಚಿದ ಬೆರಳು ಎರಡು ನಿಮಿಷಕ್ಕೆ ಮರಗಟ್ಟುತ್ತದೆ. ನಮ್ಮೂರಲ್ಲಿ ಚಳಿಯೆಂದರೆ ಫ್ಯಾನಿನ ರೆಗ್ಯುಲೇಟರ್ ಒಂದು ಸುತ್ತು ತಗ್ಗಿಸುವುದು, ಅಷ್ಟೆ.

ಚಿತ್ರ ಎಲ್ಲಿ ಸಿಗುತ್ತದೆ

ಮೊದಲ ದಿನ ಮಳೆಕಾಡು. ಆಗುಂಬೆ ಕಂಡವರಿಗೆ ಅಲ್ಲಿ ಹೊಸತೇನೂ ಇಲ್ಲ, ಬ್ಯಾಟರಿ ಉಳಿಸಿ. ಎರಡನೆಯ ಸಂಜೆ ಶಿರಾ ಬಯಲು ತಲುಪಿದ ಮೇಲೆ ಎಚ್ಚರವಾಗಬೇಕು. ಶಿರಾ ಕೀಬೊದ ಪಡುವಣಕ್ಕಿದೆ. ಸೂರ್ಯ ನಿಮ್ಮ ಬೆನ್ನ ಹಿಂದೆ ಮುಳುಗುವಾಗ ಇಡೀ ಬೆಟ್ಟ ಎದುರು ಕೆಂಪಾಗುತ್ತದೆ. ಆ ಬೆಳಕು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಭೂಮಧ್ಯರೇಖೆಯ ಹತ್ತಿರ ಸೂರ್ಯ ನೆಟ್ಟಗೆ ಇಳಿಯುತ್ತಾನೆ. ಡೇರೆಯಲ್ಲಿ ಚಹಾ ಪಾಪ್‌ಕಾರ್ನ್ ಕೊಡುವ ಹೊತ್ತೂ ಅದೇ. ಚಹಾ ಬಿಟ್ಟು ಹೊರಗೆ ನಿಲ್ಲಿ. ಇಡೀ ಪ್ರವಾಸದಲ್ಲಿ ನಿಮ್ಮ ಗೋಡೆಗೆ ಹಾಕುವ ಚಿತ್ರ ಇದೇ ಆಗಿರುತ್ತದೆಂದು ಪಂಥ ಕಟ್ಟಬಲ್ಲೆ. ಮೈಯಲ್ಲಿ ಶಕ್ತಿ ಇರುತ್ತದೆ, ಬೆರಳು ಆಡುತ್ತದೆ, ಬೆಟ್ಟ ಪೂರ್ತಿ ಕಾಣುವಷ್ಟು ದೂರವೂ ಇರುತ್ತದೆ.

ಬರಾಂಕೊ ಕಣಿವೆಯಲ್ಲಿ ಸೆನೆಸಿಯೊ ಎಂಬ ವಿಚಿತ್ರ ಮರಗಳಿವೆ. ಒಣಗಿದ ಎಲೆಗಳನ್ನೇ ಚಳಿಗೆ ಅಂಗಿಯಾಗಿ ಸುತ್ತಿಕೊಂಡು ನಿಂತ ಇವು ಮಂಜಿನಲ್ಲೇ ಚೆಂದ, ಬಿಸಿಲಿನಲ್ಲಲ್ಲ. ಮರುದಿನ ಬೆಳಿಗ್ಗೆ ಏರುವ ಬರಾಂಕೊ ಗೋಡೆಯಲ್ಲಿ ಎರಡೂ ಕೈ ಬೇಕು. ಕ್ಯಾಮೆರಾ ಒಳಗಿಡಿ, ಮೇಲೆ ಹೋಗಿ ತೆಗೆಯಿರಿ. ಕರಂಗಾದಲ್ಲಿ ರಾತ್ರಿ ಡೇರೆಯಿಂದ ತಲೆ ಹೊರಹಾಕಿದರೆ ಮೇಲೆ ಹಿಮ, ಕೆಳಗೆ ಮೋಶಿಯ ದೀಪಗಳು. ಎಫ್ 2.8, ಐಎಸ್‌ಒ 3200, 20 ಸೆಕೆಂಡ್ ಇಟ್ಟು ಶುರು ಮಾಡಿ ಹೊಂದಿಸಿಕೊಳ್ಳಿ.

ಆಮೇಲೆ ಬರಾಫು, ಸುಮಾರು 4,670 ಮೀಟರ್. ಸಂಜೆ ಬೇಗ ಊಟ, ಮಲಗಿದಂತೆ ಮಾಡುವುದು, ನಡುರಾತ್ರಿ ಎಬ್ಬಿಸುವುದು. ಮಲಗುವ ಮೊದಲೇ ಕ್ಯಾಮೆರಾವನ್ನು ಹೊಂದಿಸಿಬಿಡಿ: ಅಪರ್ಚರ್ ಎಫ್ 8, ಆಟೊ ಐಎಸ್‌ಒ, ಕಾಂಪೆನ್ಸೇಶನ್ ಪ್ಲಸ್ ಒಂದು, ಹೊಸ ಕಾರ್ಡ್, ತುಂಬಿದ ಬ್ಯಾಟರಿ. ಮೇಲೆ ಹೋದ ಮೇಲೆ ಮೆನು ಓದುವಷ್ಟು ಬುದ್ಧಿ ಕೆಲಸ ಮಾಡುವುದಿಲ್ಲ. ಕತ್ತಲಲ್ಲಿ ಆರೇಳು ಗಂಟೆ ಮುಂದಿನವರ ಹಿಮ್ಮಡಿ ನೋಡಿಕೊಂಡು ನಡೆಯುವುದಷ್ಟೇ ಕೆಲಸ. ಗೈಡುಗಳು ಪೋಲೆ ಪೋಲೆ, ನಿಧಾನ ನಿಧಾನ ಎನ್ನುತ್ತಲೇ ಇರುತ್ತಾರೆ. ಕುಡಿಯುವ ನೀರಿನ ನಳಿಗೆ ಹೆಪ್ಪುಗಟ್ಟುತ್ತದೆ, ಹಾಗಾಗಿ ಬಾಟಲಿಯನ್ನು ತಲೆಕೆಳಗಾಗಿ ಇಟ್ಟುಕೊಳ್ಳುತ್ತಾರೆ. ಮಂಜುಗಡ್ಡೆ ಮೊದಲು ಕಟ್ಟುವುದು ಮೇಲ್ಭಾಗದಲ್ಲಿ. ಆರೂವರೆ ಸುಮಾರಿಗೆ ಬೆನ್ನ ಹಿಂದೆ ಮವೆಂಜಿಯ ಮುರುಕು ಹಲ್ಲುಗಳ ಆಚೆ ಬಾನು ಕಿತ್ತಳೆಯಾಗುತ್ತದೆ. ಕುಳಿಯ ಅಂಚಿನ ಸ್ಟೆಲ್ಲಾ ಪಾಯಿಂಟ್‌ನಿಂದ ಉಹುರುವರೆಗಿನ ಒಂದು ಗಂಟೆ ಹಿಮದ ಚಿತ್ರಕ್ಕೆ ಮೀಸಲು. ಬಲಕ್ಕೆ ಕುಳಿ, ಎಡಕ್ಕೆ ರೆಬ್‌ಮನ್ ಮತ್ತು ಅದರಾಚೆಯ ಹಿಮಗೋಡೆಗಳು. ಎಳೆ ಬಿಸಿಲು ಬೆನ್ನ ಹಿಂದಿನಿಂದ ಅವುಗಳ ಮೇಲೆ ಬೀಳುತ್ತದೆ, ನೆರಳಿನ ಭಾಗ ನೀಲಿಯಾಗಿ ಕಾಣುತ್ತದೆ. ಒಬ್ಬ ಮನುಷ್ಯನನ್ನು ಚಿತ್ರದೊಳಗೆ ಸೇರಿಸಿ, ಇಲ್ಲದಿದ್ದರೆ ಗೋಡೆಯ ಎತ್ತರ ನೋಡುವವರಿಗೆ ತಿಳಿಯುವುದಿಲ್ಲ. ಶಿಖರದ ಫಲಕದ ಮುಂದಿನ ಸಾಲಿನಲ್ಲಿ ನಿಂತು ಚಿತ್ರ ತೆಗೆಸಿಕೊಂಡು ಹತ್ತು ಹದಿನೈದು ನಿಮಿಷದಲ್ಲಿ ಇಳಿಯಿರಿ. ಕಪ್ಪು ಕನ್ನಡಕ ತೆಗೆಯಬೇಡಿ, ವ್ಯೂಫೈಂಡರ್‌ಗಾಗಿ ಕೂಡ ಕ್ಷಣ ಮಾತ್ರ. ಹಿಮದ ಬಿಸಿಲಿಗೆ ಕಣ್ಣು ಸುಡುತ್ತದೆ.

ಖರ್ಚು, ಕಾಗದಪತ್ರ, ಹೊರುವವರು

ಗೈಡ್ ಇಲ್ಲದೆ ಬೆಟ್ಟಕ್ಕೆ ಬಿಡುವುದಿಲ್ಲ, 1991ರಿಂದ ಇದು ಕಾಯಿದೆ. ಉದ್ಯಾನದ ಶುಲ್ಕ ವಿದೇಶಿಯರಿಗೆ ಈಚಿನ ವರ್ಷಗಳಲ್ಲಿ ದಿನಕ್ಕೆ 70 ಡಾಲರ್, ಡೇರೆ ಹಾಕಲು ರಾತ್ರಿಗೆ 50 ಡಾಲರ್, ಅದರ ಮೇಲೆ ನೂರಕ್ಕೆ 18ರಷ್ಟು ತೆರಿಗೆ. ಏಳು ದಿನಕ್ಕೆ ಇದೇ ಹೆಚ್ಚುಕಡಿಮೆ ಸಾವಿರ ಡಾಲರ್ ಆಗುತ್ತದೆ. ಹಾಗಿರುವಾಗ ಎಲ್ಲ ಸೇರಿ ಸಾವಿರದ ಇನ್ನೂರಕ್ಕೆ ಕರೆದೊಯ್ಯುತ್ತೇವೆ ಎನ್ನುವ ಕಂಪನಿ ಉಳಿಸುವುದು ಎಲ್ಲಿ? ಹೊರುವವರ ಕೂಲಿಯಲ್ಲಿ, ಅವರ ಊಟದಲ್ಲಿ, ನಿಮ್ಮ ಸುರಕ್ಷತೆಯಲ್ಲಿ. ಕಿಲಿಮಂಜಾರೊ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಎಂಬ ಸಂಸ್ಥೆ ಕೂಲಿ ಸರಿಯಾಗಿ ಕೊಡುವ ಕಂಪನಿಗಳ ಪಟ್ಟಿ ಇಟ್ಟಿದೆ, ಅದರಿಂದಲೇ ಆರಿಸಿ. ಟಿಪ್ಸ್‌ಗೆ ಬೇರೆ ಇನ್ನೂರು ಮುನ್ನೂರು ಡಾಲರ್ ತೆಗೆದಿಡಿ. ಅದು ಅಲ್ಲಿನ ರೂಢಿ, ಅವರ ಸಂಪಾದನೆಯ ಭಾಗ. ವಿಮೆ ಆರು ಸಾವಿರ ಮೀಟರ್‌ವರೆಗಿನ ನಡಿಗೆಗೆ ಅನ್ವಯಿಸುತ್ತದೆಯೇ ಎಂದು ಸಣ್ಣ ಅಕ್ಷರದಲ್ಲಿ ಓದಿ; ಸಾಮಾನ್ಯ ಪ್ರವಾಸಿ ವಿಮೆ ಅಷ್ಟು ಎತ್ತರಕ್ಕೆ ಬರುವುದಿಲ್ಲ.

ಉಡುಪಿಯಲ್ಲಿ ಬೂಟನ್ನು ಮಾತ್ರ ಕೊಳ್ಳಿ, ಎರಡು ತಿಂಗಳು ಮೊದಲೇ, ಅದನ್ನೇ ಹಾಕಿಕೊಂಡು ಕುದುರೆಮುಖ ಹತ್ತಿ. ಇಲ್ಲಿ ಮತ್ತೆಂದೂ ತೊಡದ ದಪ್ಪ ಜಾಕೆಟ್, ಸ್ಲೀಪಿಂಗ್ ಬ್ಯಾಗ್, ಊರುಗೋಲುಗಳು ಮೋಶಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಇಳಿಯಬೇಕಾದ ವಿಮಾನ ನಿಲ್ದಾಣ ಮೋಶಿ ಮತ್ತು ಅರೂಶಾ ನಡುವಿನದು. ಮುಂಬಯಿಯಿಂದ ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಹೋಗುವುದು ಸಲೀಸು. ಇಂದ್ರಾಳಿಯಲ್ಲಿ ಮತ್ಸ್ಯಗಂಧ ರೈಲು ಹತ್ತಿದರೆ ಮುಂಬಯಿ. ವೀಸಾ ಆನ್‌ಲೈನಿನಲ್ಲಿ, 50 ಡಾಲರ್. ಹಿಂದಿರುಗುವಾಗ ಇಥಿಯೋಪಿಯಾ, ಕೀನ್ಯಾಗಳ ಮೂಲಕ ಬಂದವರ ಹತ್ತಿರ ಹಳದಿ ಜ್ವರದ ಲಸಿಕೆಯ ಪುಸ್ತಕ ಕೇಳಬಹುದು. ಅದಿಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಲು ಸರಕಾರಕ್ಕೆ ಅಧಿಕಾರವಿದೆ. ಸರಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಿ ಮಾತ್ರ ಆ ಲಸಿಕೆ. ಹಾಕಿಸಿಕೊಂಡ ಹತ್ತು ದಿನದ ಮೇಲಷ್ಟೇ ಅದು ಊರ್ಜಿತ, ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು.

ಊರಿಗೆ ಮರಳಿದ ಮೇಲೆ ಕ್ಯಾಮೆರಾವನ್ನು ಚರ್ಮದ ಚೀಲದಲ್ಲೋ ಗೋದ್ರೆಜ್ ಕಪಾಟಿನಲ್ಲೋ ಮುಚ್ಚಿಡಬೇಡಿ. ಬೆಟ್ಟದ ಧೂಳು, ಕರಾವಳಿಯ ತೇವ ಎರಡೂ ಸೇರಿದರೆ ಒಂದು ಮಳೆಗಾಲದೊಳಗೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಬ್ರಷ್ಷಿನಿಂದ ಧೂಳು ತೆಗೆದು, ತೇವಾಂಶ ನೂರಕ್ಕೆ 40ರಿಂದ 50ರೊಳಗೆ ಇರುವ ಡ್ರೈ ಕ್ಯಾಬಿನೆಟ್ಟಿನಲ್ಲಿ ಇಡಿ. ಅದಿಲ್ಲದಿದ್ದರೆ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಹರಳಿನ ಬಣ್ಣ ತಿರುಗಿದಾಗ ಬಿಸಿ ಮಾಡಿ ಮತ್ತೆ ಬಳಸಿ.

ನಿಮ್ಮ ಚೀಲ, ಡೇರೆ, ಅಡುಗೆ ಪಾತ್ರೆಗಳನ್ನು ತಲೆಯ ಮೇಲೆ ಹೊತ್ತು ನಿಮಗಿಂತ ಮೊದಲೇ ಬಿಡಾರ ಸೇರುವವರ ಚಿತ್ರವನ್ನು ಎಲ್ಲರೂ ತೆಗೆಯುತ್ತಾರೆ, ಕೇಳದೆಯೇ ತೆಗೆಯುತ್ತಾರೆ. ನೀವು ಕೇಳಿ ತೆಗೆಯಿರಿ, ವಾಟ್ಸ್‌ಆ್ಯಪ್ ನಂಬರ್ ಬರೆದುಕೊಂಡು ಊರಿಗೆ ಬಂದ ವಾರದಲ್ಲೇ ಆ ಚಿತ್ರವನ್ನು ಅವರಿಗೆ ಕಳಿಸಿಕೊಡಿ.